ಎರಡನೆಯ ಬೀಗದ ಕೈ

ಭಾನುವಾರ ಬೆಳಗಿನ ಒಂಬತ್ತು ಗಂಟೆಗೆ, ಊಟದ ಮೇಜಿನ ಮೇಲೆ ಒಗೆದು ತಂದ ಟವೆಲ್ಲುಗಳ ರಾಶಿಯ ಪಕ್ಕದಲ್ಲಿ, ಒಂದು ಹೊಸ ಬೀಗದ ಕೈ ಬಂದು ಕುಳಿತಿತ್ತು. ಅದು ಮೂರು ಬೀದಿಗಳಾಚೆಯ ಬಾಡಿಗೆ ಮನೆಯದು. ತಂದಿಟ್ಟವಳು ಮನೆಯ ಕಿರಿಯ ಸೊಸೆ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನರ್ಸ್.

"ಅಕ್ಕಾ, ತಿಂಗಳ ಕೊನೆಗೆ ನಾವು ಹೊರಡ್ತೀವಿ. ಮೇಲ್ಮನೆಯಲ್ಲಿ ಆ ಬಂದೂಕು ಇರೋ ತನಕ ಕೆಳಮನೆಯಲ್ಲಿ ನನಗೆ ನಿದ್ದೆ ಬರಲ್ಲ. ಅದು ಹೋದ್ರೆ ನಾವಿರ್ತೀವಿ. ಇಷ್ಟೇ."

ಹಿರಿಯ ಸೊಸೆ ಚಹಾದ ಲೋಟವನ್ನು ಮೆಲ್ಲನೆ ಕೆಳಗಿಟ್ಟಳು. ಬ್ಯಾಂಕಿನಲ್ಲಿ ಭದ್ರಕೋಣೆಯ ಅಧಿಕಾರಿಯಾಗಿದ್ದುದರಿಂದ ಬೀದಿಗೆಲ್ಲ ಆಕೆ ಖಜಾನೆಯಕ್ಕ. ಹದಿನೇಳು ವರ್ಷಗಳಿಂದ ಈ ವಾರಗಿತ್ತಿಯರಿಬ್ಬರೂ ಎರಡು ಅಂತಸ್ತುಗಳಲ್ಲಿ ವಾಸಿಸುತ್ತಿದ್ದರೂ ಉಣ್ಣುತ್ತಿದ್ದುದು ಈ ಒಂದೇ ಮೇಜಿನ ಮೇಲೆ. ಕಿರಿಯವಳ ಮಗಳು ಗುಬ್ಬಿ ಇಬ್ಬರ ಮಡಿಲಲ್ಲೂ ಬೆಳೆದವಳು. ಈಗ ಅವಳಿಗೆ ಹದಿನಾರು. ಮಕ್ಕಳಿಲ್ಲದ ಖಜಾನೆಯಕ್ಕನಿಗೆ ಆ ಬೀಗದ ಕೈ ಎಂದರೆ ಗುಬ್ಬಿಯಿಲ್ಲದ ಮೇಜು. ಆದರೂ ಧೈರ್ಯಗೆಡಲಿಲ್ಲ. ವಾದದಲ್ಲಿ ಸೋತು ಆಕೆಗೆ ಅಭ್ಯಾಸವಿರಲಿಲ್ಲ.

ಅಣ್ಣತಮ್ಮಂದಿರಿಬ್ಬರೂ ಮಾತಿನ ಬಿಸಿ ತಾಗುವ ಮುನ್ನವೇ ಛಾವಣಿಯ ನೀರಿನ ತೊಟ್ಟಿ ತೊಳೆಯಲು ಹೊರಟುಬಿಟ್ಟಿದ್ದರು. ಆ ತೊಟ್ಟಿಯನ್ನು ಹಿಂದಿನ ವಾರವಷ್ಟೇ ತೊಳೆದಿದ್ದರು. ಗುಬ್ಬಿ ಪಾಠಕ್ಕೆ ಹೋಗಿದ್ದಳು. ಉಳಿದವರು ಮಾವ. ತರ್ಕಶಾಸ್ತ್ರದ ಮೇಷ್ಟರಾಗಿ ನಿವೃತ್ತರಾದ ಅವರು ಪತ್ರಿಕೆಯನ್ನು ಮಡಚಿ, ಕುರ್ಚಿಯನ್ನು ಮೇಜಿನ ತುದಿಗೆ ಎಳೆದುಕೊಂಡರು.

"ಮನೆಯ ನೇಮ ಗೊತ್ತಲ್ಲ?" ಎಂದರು.

ಗೊತ್ತಿಲ್ಲದೆ ಏನು! ಈ ಮನೆಯಲ್ಲಿ ಯಾರೇ ಜಗಳವಾಡಲಿ, ಉತ್ತರ ಕೊಡುವವರು ಮೊದಲು ಎದುರಾಳಿಯ ಮಾತನ್ನು ತಾವೇ ಹೇಳಬೇಕು. ಎದುರಾಳಿಯು "ಹೌದು, ನನ್ನ ಮನಸ್ಸಿನಲ್ಲಿದ್ದುದು ಇದೇ" ಎಂದು ತಲೆಯಾಡಿಸಿದ ಮೇಲಷ್ಟೇ ತಮ್ಮ ಮಾತು. ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಎತ್ತಿ ನಿಲ್ಲಿಸಲಾರದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲವೆಂಬುದು ಮಾವನವರ ಜೀವಮಾನದ ಶ್ರದ್ಧೆ. ಒಮ್ಮೆ ಕಿಟಕಿ ತೆರೆಯಬೇಕೇ ಮುಚ್ಚಬೇಕೇ ಎಂದು ಕಾದಾಡಿದ ಮಕ್ಕಳಿಬ್ಬರೂ ಈ ನೇಮದಿಂದಾಗಿ ಪರಸ್ಪರರ ಪಕ್ಷಕ್ಕೆ ಮತಾಂತರಗೊಂಡು, ಅದೇ ಜಗಳವನ್ನು ತಿರುವುಮುರುವಾಗಿ ಮತ್ತೆ ಆಡಿದ್ದರು.

ಖಜಾನೆಯಕ್ಕ ಗಂಟಲು ಸರಿಮಾಡಿಕೊಂಡಳು. "ಇವಳು ಹೇಳೋದು ಇದು, ಮಾವ. ಬಂದೂಕು ಅಂದ್ರೆ ಯಾವಾಗ ಬೇಕಾದ್ರೂ ಸಿಡಿಯಬಹುದು. ಒರೆಸುವಾಗ ಕೈತಪ್ಪಿ ಯಾರಿಗಾದ್ರೂ ತಗುಲಬಹುದು. ಅದಕ್ಕೆ ನನ್ನ ಉತ್ತರ..."

"ಅದಲ್ಲ," ಎಂದಳು ಕಿರಿಯವಳು, ಟವೆಲ್ ಮಡಿಸುತ್ತಲೇ. "ನೀವು ಅದನ್ನ ಬಿಚ್ಚಿ ಬೇರೆಬೇರೆ ಇಡೋದು ನನಗೆ ಗೊತ್ತು."

"ಹಾಗಾದ್ರೆ ಕಳ್ಳ. ಕಳ್ಳ ಬಂದು ಅದನ್ನ ಕದ್ದು..."

"ಅದೂ ಅಲ್ಲ. ನಿಮ್ಮ ಬೀರು ಒಡೆಯೋ ಕಳ್ಳನಿಗೆ ನಾನೇ ಚಹಾ ಮಾಡಿಕೊಡ್ತೀನಿ."

"ಸರಿ, ಆಸ್ಪತ್ರೆ. ಹೋದ ತಿಂಗಳು ಗುಂಡೇಟು ಬಿದ್ದೋನನ್ನ ತಂದಿದ್ರಲ್ಲ, ಆ ರಕ್ತ ನೋಡಿ ನೀನು ಹೆದರಿದ್ದೀಯ."

"ರಕ್ತಕ್ಕೆ ಹೆದರೋಳಾಗಿದ್ರೆ ಯಾವತ್ತೋ ಹೂವಿನಂಗಡಿ ಇಟ್ಕೊಂಡು ಆರಾಮಾಗಿರ್ತಿದ್ದೆ, ಅಕ್ಕಾ."

ಮಾವ ನಕ್ಕುಬಿಟ್ಟರು. ಆಮೇಲೆ ಹಿರಿಯ ಸೊಸೆಯ ಕಡೆ ತಿರುಗಿದರು. "ಮಗಳೇ, ಮೂರು ಸಲವೂ ನೀನು ಏನು ಮಾಡಿದೆ ಗೊತ್ತಾ? ನಿನಗೆ ಯಾವುದಕ್ಕೆ ಉತ್ತರ ಬಾಯಿಪಾಠ ಇದೆಯೋ ಅದನ್ನೇ ಅವಳ ಬಾಯಿಗೆ ತುರುಕಿದೆ."

ಆಕೆಯ ಕಿವಿ ಕೆಂಪಾಯಿತು. ಮಾತು ನಿಜವಾಗಿತ್ತು. ಹದಿನೆಂಟು ವರ್ಷಗಳಿಂದ ಗುರಿಸ್ಪರ್ಧೆಯ ಕ್ಲಬ್ಬಿಗೆ ಹೋಗುತ್ತಿದ್ದವಳು ಸಹೋದ್ಯೋಗಿಗಳಿಗೆ, ನೆಂಟರಿಗೆ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಅವೇ ಮೂರು ಉತ್ತರಗಳನ್ನು ಕೊಟ್ಟು ಗೆದ್ದಿದ್ದಳು. ಸೋತವರಲ್ಲಿ ಒಬ್ಬರನ್ನೂ ಆಕೆ ಪ್ರಶ್ನೆ ಕೇಳಿರಲಿಲ್ಲ.

ಈಗ ಕೇಳಿದಳು. "ನೀನೇ ಹೇಳು. ನಿನ್ನ ಮನಸ್ಸಲ್ಲಿ ನನ್ನ ಮೆಟ್ಟಿಲು ಹತ್ತಿ ಬರೋರು ಯಾರು?"

ಕಿರಿಯವಳ ಕೈ ನಿಂತಿತು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಮಡಿಸಿದ ಬಟ್ಟೆಯ ಅಂಚನ್ನು ಬೆರಳಿನಿಂದ ತೀಡಿದಳು.

"ಪರೀಕ್ಷೆ ಫಲಿತಾಂಶ ಬಂದಾಗ ಗುಬ್ಬಿ ಮೂರು ದಿನ ಬಾಗಿಲು ಹಾಕ್ಕೊಂಡಿದ್ಲಲ್ಲ."

"ಈಗ ಚೆನ್ನಾಗಿದ್ದಾಳಲ್ಲೇ. ನಿನ್ನೆ ನನ್ನ ಹೊಸ ಕನ್ನಡಕ ನೋಡಿ ಗೂಬೆ ಅಂದ್ಲು."

"ಈಗ ಚೆನ್ನಾಗಿದ್ದಾಳೆ. ಆ ಮೂರು ದಿನ ನಾನು ರಜೆ ಹಾಕಿ ಕೂತಿದ್ದೆನಲ್ಲ, ಅವಳ ಬಾಗಿಲ ಮುಂದೆ ಕೂತಿದ್ದೆ ಅಂತ ನೀವೆಲ್ಲ ಅಂದ್ಕೊಂಡ್ರಿ. ನಾನು ಕೂತಿದ್ದು ನಿಮ್ಮ ಮೆಟ್ಟಿಲ ಮೇಲೆ, ಅಕ್ಕಾ." ಆಕೆಯ ಸ್ವರ ತಗ್ಗಿತು. "ನಿಮ್ಮ ಬೀರುವಿಗೆ ಎರಡು ಬೀಗ. ಬಂದೂಕಿಗೆ ಒಂದು, ಗುಂಡಿಗೆ ಒಂದು. ಆದ್ರೆ ಎರಡು ಬೀಗದ ಕೈಯೂ ಒಂದೇ ಗೊಂಚಲಲ್ಲಿ, ನಿಮ್ಮ ಹಳೇ ಕನ್ನಡಕದ ಡಬ್ಬಿಯಲ್ಲಿ. ಆ ಡಬ್ಬಿಗಳನ್ನ ರೈಲು ಮಾಡಿ ಆಡಿದ ಮಗು ಅದು. ಅವಳಿಗೆ ಗೊತ್ತಿಲ್ಲದೆ ಇರುತ್ತಾ?"

ಖಜಾನೆಯಕ್ಕನ ಕಣ್ಣೆದುರು ಬ್ಯಾಂಕಿನ ಭದ್ರಕೋಣೆಯ ಬಾಗಿಲು ಬಂದು ನಿಂತಿತು. ಆ ಬಾಗಿಲಿಗೆ ಎರಡು ಬೀಗ. ಒಂದರ ಕೈ ಮ್ಯಾನೇಜರರದು, ಇನ್ನೊಂದರದು ತನ್ನದು. ಎರಡೂ ಒಬ್ಬರ ಕೈಗೆ ಒಂದು ನಿಮಿಷವೂ ಸೇರಕೂಡದು. ಹೊಸದಾಗಿ ಸೇರಿದ ಗುಮಾಸ್ತರು "ಮ್ಯಾನೇಜರ್ ಮೇಲೂ ಅನುಮಾನವಾ ಮೇಡಂ?" ಎಂದು ಹಲ್ಲುಕಿರಿದಾಗಲೆಲ್ಲ ತಾನು ಕೊಡುತ್ತಿದ್ದ ಉತ್ತರ ನೆನಪಾಯಿತು: ಮನುಷ್ಯರ ಮೇಲೆ ಅನುಮಾನವಿಲ್ಲಪ್ಪ, ಅವರ ಕೆಟ್ಟ ಗಳಿಗೆಯ ಮೇಲೆ. ಎಂತಹ ಗಂಭೀರ ಮುಖದಿಂದ ಹೇಳುತ್ತಿದ್ದಳು! ಹೇಳಿ, ಸಂಜೆ ಮನೆಗೆ ಬಂದು, ತನ್ನ ಬೀರುವಿನ ಎರಡು ಬೀಗದ ಕೈಗಳನ್ನೂ ಒಂದೇ ಡಬ್ಬಿಯಲ್ಲಿಡುತ್ತಿದ್ದಳು. ಹೊರಗಿನವರ ಒಡವೆಗೆ ಸಲ್ಲಿಸಿದ ಧರ್ಮವನ್ನು ಮನೆಯ ಮಗುವಿಗೆ ಸಲ್ಲಿಸದೆ ಹೋದೆನಲ್ಲ ಎಂದು ಅಂತರ್ಯಾಮಿಯೇ ಕಿವಿ ಹಿಂಡಿದಂತಾಯಿತು.

"ಹೇಳ್ತೀನಿ ಕೇಳಿ, ಮಾವ," ಎಂದಳು. "ಇವಳ ಮಾತು ಇದು. ಈ ಮನೆಯಲ್ಲಿರೋರೆಲ್ಲ ಒಳ್ಳೆಯೋರೇ. ಆದ್ರೆ ಒಳ್ಳೆಯೋರಿಗೂ ಒಂದು ಕೆಟ್ಟ ಗಳಿಗೆ ಬರುತ್ತೆ. ಬಂದ ಹಾಗೇ ಹೋಗುತ್ತೆ. ಅದು ಹೋಗೋ ತನಕ ಯಾರ ಕೈಗೂ ಆ ವಸ್ತು ಸಿಗಬಾರದು. ಮನೆಯಲ್ಲೇ ಇದ್ರೆ ಸಿಗುತ್ತೆ. ಇದೇ ತಾನೆ?"

ಕಿರಿಯವಳು ತಲೆಯಾಡಿಸಿದಳು. ಮಡಿಸಿದ ಟವೆಲ್ಲನ್ನೇ ಬಿಚ್ಚಿ ಮುಖ ಒರೆಸಿಕೊಂಡಳು.

"ಈಗ ನಿನ್ನ ಸರದಿ," ಎಂದು ಮಾವ ಅವಳನ್ನೂ ಬಿಡಲಿಲ್ಲ. "ಅಕ್ಕನ ಪಕ್ಷ ಏನು?"

ಆಕೆ ತಡವರಿಸಲಿಲ್ಲ. "ಅಕ್ಕನಿಗೆ ಅದರಿಂದ ಯಾರನ್ನೂ ಹೆದರಿಸಬೇಕಾಗಿಲ್ಲ. ವಾರವೆಲ್ಲ ಊರಿನ ಒಡವೆ ಕಾಯ್ತಾರೆ. ಭಾನುವಾರ ಎರಡು ಗಂಟೆ ಉಸಿರು ಬಿಗಿಹಿಡಿದು ಆ ಕಪ್ಪು ಚುಕ್ಕೆ ಒಂದನ್ನೇ ನೋಡ್ತಾರೆ. ಮಾವ ಜಪಕ್ಕೆ ಕೂರ್ತಾರಲ್ಲ, ಹಾಗೆ. ಕ್ಲಬ್ಬಲ್ಲಿ ಇಡೋಕೆ ಜಾಗ ಇಲ್ಲ. ಪರವಾನಗಿ, ತಪಾಸಣೆ, ಕಾನೂನು ಕೇಳಿದ್ದೆಲ್ಲ ಮಾಡಿದ್ದಾರೆ. ತಪ್ಪು ಮಾಡದೋಳನ್ನ ಅಪರಾಧಿ ಥರ ನೋಡಬೇಡಿ ಅಂತಾರೆ. ಅದೂ ನ್ಯಾಯವೇ."

ಖಜಾನೆಯಕ್ಕ ಬೆರಗಾದಳು. "ಅಯ್ಯೋ, ನನಗಿಂತ ಚೆನ್ನಾಗಿ ಹೇಳಿದೆಯಲ್ಲೇ! ಇಷ್ಟೆಲ್ಲ ಗೊತ್ತಿದ್ದೂ ಹೊರಡ್ತೀಯಾ?"

"ಗೊತ್ತಿದ್ದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ."

ಹಿರಿಯವಳು ಎದ್ದು ಮೇಲೆ ಹೋದಳು. ಕನ್ನಡಕದ ಡಬ್ಬಿಯೊಂದಿಗೆ ಇಳಿದುಬಂದು, ಗೊಂಚಲನ್ನು ಬಿಚ್ಚಿ, ಒಂದು ಬೀಗದ ಕೈಯನ್ನು ತನ್ನ ಮುಂದಿಟ್ಟುಕೊಂಡು, ಇನ್ನೊಂದನ್ನು ಬಾಡಿಗೆ ಮನೆಯ ಬೀಗದ ಕೈಯ ಪಕ್ಕಕ್ಕೆ ಸರಿಸಿದಳು.

"ಬಂದೂಕು ನಾನು ಬಿಡಲ್ಲ. ಅದನ್ನ ಮುಚ್ಚಿಡದೆ ಹೇಳ್ತೀನಿ. ಬೀಗಗಳನ್ನ ನಾಳೆಯೇ ಬದಲಾಯಿಸ್ತೀನಿ. ಗುಂಡಿನ ಖಾನೆಯ ಕೈ ಮಾತ್ರ ನಿನ್ನದು. ಎಲ್ಲಿಡ್ತೀಯೋ ನನಗೂ ಹೇಳಬೇಡ. ಭಾನುವಾರ ನಾನು ಬಂದು ಕೇಳ್ತೀನಿ. ಬೇಡ ಅನ್ನಿಸಿದ್ರೆ 'ಇವತ್ತು ಬೇಡ' ಅನ್ನು. ಯಾಕೆ ಅಂತ ಕೇಳಲ್ಲ. ಕೆಟ್ಟ ಗಳಿಗೆ ನನ್ನದೂ ಇರಬಹುದು. ಇದ್ದೋರಿಗೆ ಅದು ಮೊದಲು ಕಾಣಲ್ಲ."

"ನಾನು ಈಗಲೂ ಅದು ಮನೆಯಲ್ಲಿರೋದನ್ನ ಒಪ್ಪಲ್ಲ."

"ಒಪ್ಪಬೇಡ. ನನ್ನ ಮಾತಿಗೆಲ್ಲ ಹೂಂ ಅನ್ನೋರ ಕೈಲಿ ಬೀಗದ ಕೈ ಕೊಟ್ಟು ಏನು ಉಪಯೋಗ? ನಿನ್ನ ಭಾವನಿಗೆ ಕೊಟ್ರೆ ಅವರು ಅದನ್ನ ನನ್ನ ಚೀಲಕ್ಕೇ ಹಾಕ್ತಾರೆ."

ಕಿರಿಯವಳು ನಗು ತಡೆದುಕೊಂಡಳು. ತನ್ನ ಮುಂದಿದ್ದ ಎರಡು ಬೀಗದ ಕೈಗಳನ್ನೂ ಎತ್ತಿಕೊಂಡಳು, ಒಂದನ್ನೂ ಹಿಂದಿರುಗಿಸಲಿಲ್ಲ. "ಒಂದು ಭಾನುವಾರ ನೋಡ್ತೀನಿ," ಎಂದಳು.

ಆ ಭಾನುವಾರ ಬಂತು. ಹೊಸ ಬೀಗಗಳು ಕೂತಿದ್ದವು, ಗುಂಡಿನ ಖಾನೆಯ ಹೊಸ ಬೀಗದ ಕೈ ಕಿರಿಯವಳ ಬಳಿಯಿತ್ತು. ಮಾರನೆಯ ವಾರ ಸ್ಪರ್ಧೆಯಿದ್ದುದರಿಂದ ಖಜಾನೆಯಕ್ಕನಿಗೆ ಆ ದಿನದ ಅಭ್ಯಾಸ ತಪ್ಪಿಸುವಂತಿರಲಿಲ್ಲ. ಬಂದೂಕು ಇನ್ನೂ ಇಡದ ಖಾಲಿ ಚೀಲ ಹೆಗಲಿಗೇರಿಸಿ ಕೆಳಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಚಾಚಿದಳು.

"ಇವತ್ತು ಬೇಡ, ಅಕ್ಕಾ," ಎಂದಳು ಕಿರಿಯವಳು. ತಿರುಗಿ ಕೂಡ ನೋಡಲಿಲ್ಲ.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಸ್ಪರ್ಧೆ, ಹೆಸರು ನೋಂದಾಯಿಸಿದ್ದು, ಬೆಳಗ್ಗೆ ಗುಬ್ಬಿ ತಾನಾಗಿ ನಕ್ಕು ಮಾತಾಡಿಸಿದ್ದು, ಎಲ್ಲವೂ ಸಾಲುಗಟ್ಟಿ ನಿಂತವು. ಇದು ನಿಜವಾದ ಭಯವೋ, ತನ್ನನ್ನು ಪರೀಕ್ಷಿಸುವ ಆಟವೋ? ಪತ್ರಿಕೆಯ ಹಿಂದೆ ಮಾವ ಒಮ್ಮೆ ಕೆಮ್ಮಿದರು.

ಖಜಾನೆಯಕ್ಕ ಚಾಚಿದ ಕೈಯನ್ನು ಹಿಂದೆಗೆದುಕೊಂಡಳು. ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿ, ಮೇಜಿನ ಬಳಿ ಕುಳಿತು, ಒಗೆದ ಬಟ್ಟೆಯ ರಾಶಿಯಿಂದ ಒಂದು ಟವೆಲ್ಲನ್ನು ಎಳೆದುಕೊಂಡಳು. ಮೂಲೆಗೆ ಮೂಲೆ ಸೇರಿಸಿ ಮಡಿಸಿದಳು. ಇನ್ನೊಂದನ್ನು ಎಳೆದುಕೊಂಡಳು. ಯಾಕೆ ಎಂದು ಕೇಳಲಿಲ್ಲ.

ಆರನೆಯ ಟವೆಲ್ಲಿನ ಹೊತ್ತಿಗೆ ಕಿರಿಯವಳು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಫೋನು ಎತ್ತಿಕೊಂಡಳು. "ಮನೆ ಯಜಮಾನ್ರಾ? ನಮಸ್ಕಾರ. ಸಂಜೆ ಬಂದು ನಿಮ್ಮ ಬೀಗದ ಕೈ ಕೊಟ್ಟುಹೋಗ್ತೀನಿ. ಇಲ್ಲ ಸಾರ್, ಮನೆ ಚೆನ್ನಾಗಿಯೇ ಇದೆ. ನಾವು ಬರ್ತಾ ಇಲ್ಲ, ಅಷ್ಟೇ."

ಫೋನಿಟ್ಟು ಬಂದು ಎದುರು ಕುಳಿತು, ಖಜಾನೆಯಕ್ಕ ಮಡಿಸಿಟ್ಟಿದ್ದ ಟವೆಲ್ಲುಗಳನ್ನು ಒಂದೊಂದಾಗಿ ನೋಡಿದಳು.

"ಇದೇನಕ್ಕಾ ಮಡಿಸೋದು! ನಮ್ಮ ಆಸ್ಪತ್ರೆಯಲ್ಲಾಗಿದ್ರೆ ಇಷ್ಟನ್ನೂ ಬಿಚ್ಚಿ ಮತ್ತೆ ಮಾಡಿಸ್ತಿದ್ರು."

"ಬಿಚ್ಚು ಮತ್ತೆ," ಎಂದಳು ಖಜಾನೆಯಕ್ಕ. "ನೀನು ಹೇಳಿಕೊಡು, ನಾನು ಮಡಿಸ್ತೀನಿ. ಆದ್ರೆ ಮುಂದಿನ ಭಾನುವಾರ ಸ್ಪರ್ಧೆ ಇದೆ ಅಂತ ಈಗಲೇ ಹೇಳಿರ್ತೀನಿ."

"ಆವತ್ತು ಬೆಳಗ್ಗೆ ಕೇಳಿ," ಎಂದಳು ಕಿರಿಯವಳು, ಮೊದಲನೆಯ ಟವೆಲ್ಲನ್ನು ಬಿಚ್ಚುತ್ತ.