ಹದಿನೆಂಟು ಹಲ್ಲು

"ಕಚ್ಚಬೇಡ್ವೋ, ಕಚ್ಚಬೇಡ್ವೋ ನನ್ನಪ್ಪ" ಎನ್ನುತ್ತಲೇ ಆಂಜಿನಮ್ಮ ಮಗನ ಬಾಯಿಂದ ಬೆರಳು ಕಿತ್ತುಕೊಂಡಳು. ಆವಲಪ್ಪ ಕಿಲಕಿಲ ನಕ್ಕು ಮತ್ತೆ ಬಾಯಿ ತೆರೆದು ಕಾದ. ಅವನಿಗೆ ಇದೊಂದು ಆಟ. ಮಾಲೂರು ತಾಲ್ಲೂಕು ಕಚೇರಿಯ ಎದುರಿನ ಹೊಂಗೆಮರದ ಬುಡದಲ್ಲಿ ಕೂತು ಅವಳು ಬೆಳಗಿನಿಂದ ಮೂರನೆಯ ಸಲ ಅವನ ಹಲ್ಲು ಎಣಿಸುತ್ತಿದ್ದಳು. ಮೇಲೆ ಎಂಟು, ಕೆಳಗೆ ಎಂಟು. ಕೆಳದವಡೆಯ ಕೊನೆಯಲ್ಲಿ, ಎಡಕ್ಕೊಂದು ಬಲಕ್ಕೊಂದು, ವಸಡು ಒಡೆದುಕೊಂಡು ಈಗಷ್ಟೇ ತಲೆ ಹಾಕಿದ ಇನ್ನೆರಡು.

"ಹದಿನೆಂಟು" ಎಂದಳು, ಯಾರೋ ಅಲ್ಲ ಎಂದಿದ್ದಕ್ಕೆ ಉತ್ತರ ಕೊಡುವವಳ ಹಾಗೆ.

"ನಂಗೆಷ್ಟಮ್ಮಾ?" ಕದಿರಿ ಬಾಯಿ ಅಗಲಿಸಿಕೊಂಡು ಅಡ್ಡ ಬಂದು ನಿಂತಳು. ನಾಲ್ಕು ತುಂಬಿ ಐದಕ್ಕೆ ಬಿದ್ದ ಹುಡುಗಿ. ತಮ್ಮನಿಗೆ ಏನೇ ಆದರೂ ತನಗೂ ಆಗಬೇಕು. ಅವನ ತಲೆಗೆ ಎಣ್ಣೆಯಾದರೆ ತನಗೂ ಎಣ್ಣೆ, ಅವನ ಬೆನ್ನಿಗೆ ಏಟಾದರೆ ತನಗೂ ಒಂದು.

"ನಿಂದು ಪೂರ್ತಿ ಐತೆ. ಮುಚ್ಚೇ ಬಾಯಿ, ನೊಣ ಹೋಗ್ತದೆ."

ಟೇಕಲ್ ಬೆಟ್ಟದ ಬುಡದಿಂದ ಕೋಳಿ ಕೂಗುವ ಹೊತ್ತಿಗೇ ಹೊರಟಿದ್ದರು. ಆವಲಪ್ಪ ಸೊಂಟದ ಮೇಲೆ, ಕದಿರಿ ಕೈಹಿಡಿದು. ಅರ್ಧ ದಾರಿಗೆ ಕದಿರಿ ಕಾಲು ನೋವೆಂದು ರಸ್ತೆಯ ನಡುವೆಯೇ ಕೂತುಬಿಟ್ಟಳು. ಪುಣ್ಯಕ್ಕೆ ಇಟ್ಟಿಗೆ ಇಳಿಸಿ ಬರಿದಾಗಿ ಬರುತ್ತಿದ್ದ ಗಾಡಿಯವನೊಬ್ಬ ಮಕ್ಕಳಿಬ್ಬರನ್ನೂ ಹತ್ತಿಸಿಕೊಂಡ. ಆಂಜಿನಮ್ಮ ಗಾಡಿಯ ಹಿಂದೆ ನಡೆದಳು. ಸೆರಗಿನ ಗಂಟಿನಲ್ಲಿ ಒಂದು ರಾಗಿಮುದ್ದೆ ಇತ್ತು, ಹುಣಸೆಬೀಜದಷ್ಟು ಉಪ್ಪಿನ ಹರಳಿತ್ತು. ಮೂವರಿಗೂ ಸಂಜೆಯವರೆಗೆ ಅದೇ.

ಯುದ್ಧ ಬಂದು ಅಂಗಡಿಗಳಿಂದ ರಾಗಿ ಮಾಯವಾಗಿ, ಸರ್ಕಾರದ ಡಿಪೋದಲ್ಲಿ ಚೀಟಿ ತೋರಿಸಿದವರಿಗೆ ಮಾತ್ರ ಅಳೆದು ಕೊಡುವಂತಾಗಿ ಒಂದು ವರ್ಷ ದಾಟಿತ್ತು. ಭೂಮಿ ಇದ್ದವರು ಹೇಗೋ ಬದುಕಿದರು. ಆಂಜಿನಮ್ಮ, ಅವಳ ಗಂಡ ಮುನಿರಾಮಪ್ಪ ಇಬ್ಬರೂ ರೈಲುಹಾದಿಗೆ ಜಲ್ಲಿ ಒಡೆಯುವವರು. ಅವರ ಹೊಲ ಅಂದರೆ ಸುತ್ತಿಗೆ ಬಿದ್ದ ಜಾಗ. ಚೀಟಿಯಲ್ಲಿ ದೊಡ್ಡವರಿಬ್ಬರಿಗೆ ಪೂರಾ ಪಾಲು, ಕದಿರಿಗೆ ಅರ್ಧ. ಎರಡು ವರ್ಷ ತುಂಬದ ಕೂಸಿಗೆ ಏನೂ ಇಲ್ಲ, ಅದಕ್ಕೆ ತಾಯಿಹಾಲಿದೆಯಲ್ಲ ಎಂದು ಕಾನೂನು.

ಆವಲಪ್ಪ ಹುಟ್ಟಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಆದರೆ ಶ್ಯಾನುಭೋಗರು ಹುಟ್ಟು ಸಾವು ಬರೆಯಲು ಅವರ ಕೇರಿಯ ಕಡೆ ತಲೆ ಹಾಕಿದ್ದು ಅವನಿಗೆ ಎಂಟು ತಿಂಗಳಾದ ಮೇಲೆ, ಯುಗಾದಿ ಎದುರಿಗೆ. ಬೇಲಿಯ ಆಚೆ ನಿಂತು ಕೇಳಿದರು, ಬೇಲಿಯ ಆಚೆಯೇ ಬರೆದುಕೊಂಡರು, ಬರೆದ ದಿನವನ್ನೇ ಹುಟ್ಟಿದ ದಿನ ಮಾಡಿ ಹೋದರು. ಅಂದು ಆವಲಪ್ಪ ಅವರ ಕಣ್ಣೆದುರೇ ಗೋಡೆ ಹಿಡಿದು ನಿಂತಿದ್ದ. ಹೀಗೆ ಕಾಗದದ ಮೇಲೆ ಅವನಿಗೆ ಎರಡು ತುಂಬುವುದು ಬರುವ ಯುಗಾದಿಗೆ; ಅಲ್ಲಿಯವರೆಗೆ ಅವನು ಊಟ ಮಾಡುವಂತಿರಲಿಲ್ಲ.

"ಕಾಗದ ಬದ್ಲಾಗಲ್ಲ, ಬಿಡೇ" ಎಂದಿದ್ದ ಮುನಿರಾಮಪ್ಪ. "ನಾಲ್ಕು ತಿಂಗ್ಳು ಹೆಂಗೋ ನೂಕಾಣ."

ಎರಡೂವರೆ ಪಾಲಿನ ಹಿಟ್ಟಿನಲ್ಲಿ ನಾಲ್ಕು ಮುದ್ದೆ ಕಟ್ಟುವವಳಿಗೆ ಗೊತ್ತಿತ್ತು, ಹೆಂಗೋ ಅಂದರೆ ಹೇಗೆ ಅಂತ. ಮೊದಲು ತನ್ನ ಮುದ್ದೆ ಸಣ್ಣದಾಯಿತು. ಆಮೇಲೆ ಎದೆಹಾಲು ಬತ್ತಿತು. ತಳ ಹತ್ತಿದ ಹಿಟ್ಟಿಗಾಗಿ ಅಕ್ಕ ತಮ್ಮ ಮಡಕೆಯೊಳಗೆ ತಲೆ ತಲೆ ಗುದ್ದಿಕೊಂಡು, ಕೂದಲು ಜಗ್ಗಿಕೊಂಡು ಮನೆ ಹಾರಿಹೋಗುವಂತೆ ಅರಚುತ್ತಿದ್ದರು. ಆಗ ಬೈಯುತ್ತಿದ್ದಳು. ಹದಿನೈದು ದಿನದಿಂದ ಆ ಜಗಳ ನಿಂತುಹೋಗಿತ್ತು. ಕದಿರಿ ತಟ್ಟೆಯಲ್ಲಿ ಅರ್ಧ ಬಿಟ್ಟು, "ನಂಗೆ ಹೊಟ್ಟೆ ತುಂಬ್ತು" ಎಂದು ತಮ್ಮನ ಕಡೆ ನೂಕಿ ಎದ್ದುಹೋಗುತ್ತಿದ್ದಳು. ಜಗಳವಾಡುವ ಮಗಳನ್ನು ಸಹಿಸಬಹುದಿತ್ತು. ಇದನ್ನು ಆಂಜಿನಮ್ಮನಿಂದ ಸಹಿಸಲಾಗಲಿಲ್ಲ. ಹೋದ ವಾರ ಒಬ್ಬಳೇ ಕಚೇರಿಗೆ ಬಂದಿದ್ದಳು. ಮಗು ಕಾಣದೆ ಹೇಗೆ ನಂಬುವುದು ಎಂದಿದ್ದ ಗುಮಾಸ್ತ ಸುಬ್ಬರಾಯಪ್ಪ. ಇವತ್ತು ಮಗುವನ್ನೇ ತಂದಿದ್ದಳು.

ಕಚೇರಿಯ ಜಗಲಿಗೆ ಐದು ಮೆಟ್ಟಿಲು. ಅವಳ ಕೇರಿಯವರು ಮೂರನೆಯದಕ್ಕೆ ನಿಲ್ಲಬೇಕು. ಹಾಗಂತ ಎಲ್ಲೂ ಬರೆದಿರಲಿಲ್ಲ. ಬರೆಯದೆಯೂ ನಡೆಯುತ್ತಿದ್ದ ಕಾನೂನು ಅದೊಂದೇ. ಅವಳು ಮಕ್ಕಳೊಡನೆ ಮೂರನೆಯದರಲ್ಲಿ ನಿಂತಳು. ಜಗಲಿಯ ಮೇಲೆ ಮೇಜು ಹಾಕಿಕೊಂಡು ಕೂತಿದ್ದ ಸುಬ್ಬರಾಯಪ್ಪ ಕನ್ನಡಕದ ಮೇಲಿಂದ ನೋಡಿದ.

"ಏನಮ್ಮ, ಮತ್ತೆ ಬಂದ್ಯಾ?"

"ಮಗೂನ ತೋರ್ಸು ಅಂದ್ರಲ್ಲ ಸ್ವಾಮಿ, ತಂದಿದೀನಿ."

"ತಂದ್ರೆ? ದಫ್ತರದಲ್ಲಿ ಏನೈತೋ ಅದೇ. ಒಂದು ವರ್ಷ ಎಂಟು ತಿಂಗ್ಳು."

"ದಫ್ತರ ಹೆತ್ತಿಲ್ಲ ಸ್ವಾಮಿ, ನಾನು ಹೆತ್ತಿದ್ದು. ಚಳವಳಿಯೋರು ತಂತಿ ಕಂಬ ಕಿತ್ತು ಗಲಾಟೆ ಆಗಿ ಎರಡು ದಿನ ರೈಲು ಬರ್ಲಿಲ್ಲ ನೋಡಿ, ಅದರ ಎರಡನೇ ದಿನ ಹುಟ್ಟಿದ್ದು ಇವನು. ಟೇಕಲ್ ಟೇಷನ್ನಲ್ಲಿ ಯಾರನ್ನಾದ್ರೂ ಕೇಳಿ."

ಸುಬ್ಬರಾಯಪ್ಪ ತಟ್ಟನೆ ಹಿಂದೆ ಬಾಗಿಲ ಕಡೆ ತಿರುಗಿ ನೋಡಿ ದನಿ ತಗ್ಗಿಸಿದ. "ಏಯ್, ಆ ಮಾತೆಲ್ಲ ಇಲ್ಲಿ ಎತ್ಬೇಡ."

ರೈಲು ನಿಂತ ವರ್ಷ ಯಾವುದೆಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದುದನ್ನು ಬರೆಯಲು ಅವನ ಲೇಖನಿಗೆ ಅಪ್ಪಣೆ ಇರಲಿಲ್ಲ, ಅಷ್ಟೇ.

"ಹಂಗಾದ್ರೆ ಹಲ್ಲು ನೋಡಿ" ಎಂದಳು ಆಂಜಿನಮ್ಮ. "ಹದಿನೆಂಟೈತೆ. ಕೊನೇ ದವಡೆ ಹಲ್ಲು ಎರಡು ತುಂಬ್ದೆ ಬರಲ್ಲ. ಸಂತೇಲಿ ದನ ಕೊಳ್ಳೋವಾಗ ನೀವೂ ಹಲ್ಲು ನೋಡೇ ಅಲ್ವಾ ವಯಸ್ಸು ಹೇಳೋದು?"

"ದನ ಬೇರೆ, ಮನುಷ್ಯರು ಬೇರೆ."

"ಬೇರೇನೇ ಸ್ವಾಮಿ. ದನಕ್ಕೆ ಹುಲ್ಲು ಹಾಕೋಕೆ ಯಾರೂ ಅದು ಹುಟ್ಟಿದ ತಾರೀಕು ಕೇಳಲ್ಲ."

ಜಗಲಿಯ ಕಂಬಕ್ಕೆ ಒರಗಿ ಸರದಿ ಕಾಯುತ್ತಿದ್ದ ಒಬ್ಬ ಮುದುಕ ಗಹಗಹಿಸಿ ನಕ್ಕ. ಶ್ರೀನಿವಾಸಪುರದ ಕಡೆಯ ದನದ ದಲ್ಲಾಳಿ ವೆಂಕಟರಮಣಪ್ಪ. ಮಾಲೂರಿನಲ್ಲಿರುವ ಮಗಳ ಮನೆಗೆ ಬಂದವನು. ಅರ್ಧ ಕನ್ನಡ, ಅರ್ಧ ತೆಲುಗು. "ಆ ಯಮ್ಮ ಸರಿಯಾಗೇ ಹೇಳ್ತಾ ಅವ್ಳಲ್ಲಪ್ಪಾ! ತಡಿ, ನಾನು ನೋಡ್ತೀನಿ. ನಲವತ್ತು ವರ್ಷದಿಂದ ಇದೇ ನನ್ನ ಕಸುಬು" ಎಂದು ಮೆಟ್ಟಿಲಿಳಿದ. ಕೈ ಚಾಚುವಾಗ ಒಂದು ಗಳಿಗೆ ತಡೆದ. ಆಂಜಿನಮ್ಮ ಅದನ್ನು ನೋಡಿದಳು; ತಾನು ನೋಡಿದ್ದು ಅವನಿಗೂ ಕಾಣುವ ಹಾಗೆ ನೋಡಿದಳು. ಮುದುಕ ಅಂಗಿಯ ತೋಳು ಏರಿಸಿಕೊಂಡ. "ಇಟ್ರಾ ನಾಯ್ನಾ. ನೋರು ತೆರು. ಬಾಯಿ, ಬಾಯಿ."

ಆವಲಪ್ಪ ಖುಷಿಯಿಂದ ಬಾಯಿ ತೆರೆದ. ಮುದುಕನ ಹೆಬ್ಬೆರಳು ದವಡೆಯ ಕೊನೆಗೆ ಹೋಗಿ ತಡಕಾಡಿತು.

"ಐತೆ! ಎರಡು ದಾಟೈತೆ, ನಾ ಬರ್ಕೊಡ್ತೀನಿ... ಅಯ್ಯಯ್ಯೋ, ಬಿಡೋ ಕಳ್ಳನನ್ಮಗನೇ!"

ಕಚ್ಚಿಸಿಕೊಂಡ ಕೈ ಒದರುತ್ತ ಮುದುಕ ಕುಣಿದ. ಸರದಿಯಲ್ಲಿದ್ದವರೆಲ್ಲ ಗೊಳ್ಳೆಂದರು. "ಹಲ್ಲು ಐತೆ ಅಂತ ರುಜು ಹಾಕ್ದ ನೋಡಪ್ಪ!" ಎಂದು ಯಾರೋ ಕೂಗಿದರು. ಸುಬ್ಬರಾಯಪ್ಪನ ಮೀಸೆಯೂ ಅಲುಗಿತು.

ಅಷ್ಟೊಂದು ನಗು ಒಮ್ಮೆಲೇ ಮೇಲೆ ಬಿದ್ದು ಕೂಸಿಗೆ ಹೆದರಿಕೆಯಾಯಿತು. ತುಟಿ ಸೊಟ್ಟಗಾಯಿತು. ಬೋ ಎಂದು ಅಳುತ್ತ ಅಮ್ಮನ ಕುತ್ತಿಗೆಗೆ ಬಿದ್ದ, ಸೆರಗು ಎಳೆದ, ಅವಳು ತಡೆಯುವುದರೊಳಗೆ ಒಳಗೆ ತಲೆ ತೂರಿಸಿ ಬಾಯಿ ಹಾಕಿಯೇಬಿಟ್ಟ. ಅಳು ನಿಂತಿತು.

ಗುಮಾಸ್ತನ ಮುಖ ಅರಳಿತು. "ಅಗೋ! ನೋಡ್ಕೊಳ್ರಪ್ಪ ಎಲ್ಲಾರೂ. ಮೊಲೆ ಕುಡಿಯೋ ಕೂಸಿಗೆ ರಾಗಿ ಕೇಳೋಕೆ ಬಂದವ್ಳೆ!"

ಈಗ ನಗು ಬೇರೆ ಥರದ್ದಾಗಿತ್ತು. ಆಂಜಿನಮ್ಮ ಸೆರಗು ಎಳೆದು ಹೊದ್ದಳು. ಕಿವಿ ಕಾದುಹೋಯಿತು. ಅಲ್ಲಿ ಏನೂ ಇಲ್ಲ, ಮಗು ಸಮಾಧಾನಕ್ಕೆ ಚೀಪುತ್ತದೆ ಎಂದು ಇಷ್ಟು ಜನ ಗಂಡಸರ ಮುಂದೆ ಹೇಗೆ ಹೇಳುವುದು? ಹೇಳಿದರೂ ಯಾವ ದಲ್ಲಾಳಿ ಬಂದು ನೋಡಿ ಹೌದೆನ್ನುತ್ತಾನೆ?

ಪಕ್ಕದಲ್ಲಿದ್ದ ಕದಿರಿ ಅವಳ ಕೈ ಬಿಡಿಸಿಕೊಂಡಳು. ಮೂರನೆಯ ಮೆಟ್ಟಿಲಿಗೆ ನಿಲ್ಲಬೇಕೆಂದು ಅವಳಿಗೆ ಇನ್ನೂ ಯಾರೂ ಕಲಿಸಿರಲಿಲ್ಲ. ನಾಲ್ಕನೆಯದನ್ನು ಕೈಯೂರಿ ಹತ್ತಿದಳು, ಐದನೆಯದನ್ನು ಮಂಡಿಯೂರಿ ಹತ್ತಿದಳು, ನೇರ ಹೋಗಿ ಮೇಜಿನ ಅಂಚು ಹಿಡಿದು ನಿಂತಳು. ಸುಬ್ಬರಾಯಪ್ಪ ಕುರ್ಚಿ ಹಿಂದಕ್ಕೆ ಸರಿಸಿಕೊಂಡ.

"ಅದ್ರಲ್ಲಿ ಹಾಲಿಲ್ಲ" ಎಂದಳು ಕದಿರಿ.

"ಆ?"

"ಅದ್ರಲ್ಲಿ ಏನೂ ಬರಲ್ಲ. ಅಮ್ಮ ನಿದ್ದೆ ಮಾಡೋವಾಗ ನಾನೂ ಕುಡ್ದು ನೋಡಿದೀನಿ."

ವೆಂಕಟರಮಣಪ್ಪ ಕಚ್ಚಿಸಿಕೊಂಡ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಟ್ಟುಕೊಂಡು ನೆಲ ನೋಡಿದ. ಸುಬ್ಬರಾಯಪ್ಪ ಮಸಿಕುಡಿಕೆಯ ಮುಚ್ಚಳ ತೆಗೆದ, ಮುಚ್ಚಿದ, ಮತ್ತೆ ತೆಗೆದ.

"ನನ್ನ ಕೈಲೇನೈತಮ್ಮ" ಎಂದ ಕೊನೆಗೆ, ಮಗುವಿಗೋ ತಾಯಿಗೋ ತಿಳಿಯದ ಹಾಗೆ. "ತಿದ್ದೋದಾದ್ರೆ ಅಮಲ್ದಾರ್ ಸಾಹೇಬ್ರು ತಿದ್ಬೇಕು. ಅವರು ಹಳ್ಳಿಗಳ ಕಡೆ ಕ್ಯಾಂಪು ಹೋಗವ್ರೆ. ಮಧ್ಯಾಹ್ನ ಬಂದ್ರೂ ಬರ್ಬೌದು, ನಾಳೆ ಆದ್ರೂ ಆಗ್ಬೌದು. ಯುಗಾದಿ ಆದ್ಮೇಲೆ ಬಾ, ತಾನಾಗೇ ಸೇರ್ತದೆ."

"ಕೂತಿರ್ತೀನಿ" ಎಂದಳು ಆಂಜಿನಮ್ಮ.

ನಾಲ್ಕನೆಯ ಮೆಟ್ಟಿಲು ಹತ್ತಿದಳು. ಐದನೆಯದನ್ನೂ ಹತ್ತಿದಳು. ಕಚೇರಿಯ ಬಾಗಿಲಿಗೆ ಎದುರಾಗಿ, ಒಳಗೆ ಹೋಗುವವರು ದಾಟಿಕೊಂಡೇ ಹೋಗಬೇಕಾದ ಜಾಗ ನೋಡಿ ಕಾಲು ಮಡಚಿ ಕೂತಳು.

"ಏಯ್, ಏಯ್, ಅಲ್ಲಿ ಕೂರ್ಬಾರ್ದು!"

"ಎಲ್ಲಿ ಬರ್ದೈತೆ ಸ್ವಾಮಿ, ಓದಿ."

ಸುಬ್ಬರಾಯಪ್ಪ ಜವಾನನನ್ನು ಕೂಗಿದ. ಜವಾನ ಬಂದ, ಮೇಜಿನ ಬಳಿ ನಿಂತಿದ್ದ ಕದಿರಿಯನ್ನು ನೋಡಿದ, ತಲೆ ಕೆರೆದುಕೊಂಡು ನೀರು ತರಲೆಂದು ಬಾವಿಯ ಕಡೆ ಹೋದ. ಆಗಲೇ ನೀರು ತುಂಬಿದ ಬಿಂದಿಗೆ ಮೂಲೆಯಲ್ಲಿತ್ತು.

ಸರದಿಯ ಕೊನೆಯಲ್ಲಿ ಇನ್ನೊಬ್ಬಳು ಹೆಂಗಸು, ಇಟ್ಟಿಗೆ ಗೂಡಿನ ಧೂಳು ಕೂದಲಲ್ಲಿ ಹಾಗೇ ಇದ್ದ ಗಂಗರತ್ನಮ್ಮ, ಬೆಳಗಿನಿಂದ ನಿಂತಿದ್ದಳು. ಈಗ ಸೊಂಟದ ಹೆಣ್ಣುಕೂಸನ್ನು ಇಳಿಸಿ ಅದರ ತುಟಿ ಎತ್ತಿ ನೋಡಿದಳು. ಮೆಲ್ಲಗೆ ಬಂದು ಆಂಜಿನಮ್ಮನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತಳು.

"ನಮ್ದೂ ಹಂಗೇ ಬರ್ದವ್ರೆ ಅಕ್ಕಾ" ಎಂದಳು. "ಕೊನೇ ಹಲ್ಲು ಎಲ್ಲಿ ಬರೋದು, ತೋರ್ಸು."

ಬಿಸಿಲು ಮೂರನೆಯ ಮೆಟ್ಟಿಲು ದಾಟಿತು. ಆಂಜಿನಮ್ಮ ಸೆರಗಿನ ಗಂಟು ಬಿಚ್ಚಿದಳು. ಮುದ್ದೆಯನ್ನು ಮುರಿದಳು, ದಿನವೂ ಮುರಿಯುವ ಹಾಗಲ್ಲ. ದೊಡ್ಡ ಪಾಲಿಗೆ ಉಪ್ಪು ಒತ್ತಿ ಕದಿರಿಯ ಅಂಗೈಯಲ್ಲಿಟ್ಟಳು.

ಕದಿರಿ ತಮ್ಮನ ಕೈಯಲ್ಲಿದ್ದುದನ್ನು ನೋಡಿದಳು. "ನಂಗೆ ಹೊಟ್ಟೆ ತುಂ..."

"ತಿನ್ನೇ."

"ಆವ್ಲಂಗೆ..."

"ಅವನ್ದು ಕೇಳೋಕೇ ಇಲ್ಲಿ ಕೂತಿರೋದು. ನಿಂದು ನೀನು ತಿನ್ನು. ನಾನು ನೋಡ್ಬೇಕು."

ಕದಿರಿ ಮೊದಲು ಮೂಲೆ ಕಚ್ಚಿದಳು. ಆಮೇಲೆ ತಡೆಯಲಾಗಲಿಲ್ಲ, ಎರಡು ಕೈಯಲ್ಲೂ ಹಿಡಿದು, ಕಣ್ಣು ಮುಚ್ಚಿಕೊಂಡು, ಉಸಿರಿಗೂ ಬಿಡುವು ಕೊಡದೆ ತಿಂದಳು. ಬೆರಳ ಸಂದಿಯಲ್ಲಿ ಹತ್ತಿದ್ದನ್ನೂ ನೆಕ್ಕಿದಳು. ಆಂಜಿನಮ್ಮ ಕಣ್ಣು ಕೀಳದೆ ನೋಡಿದಳು, ಒಂದೊಂದು ತುತ್ತು ಗಂಟಲಿಳಿಯುವವರೆಗೂ. ಯಾವಾಗ, ಎಷ್ಟು ಸಲ ಕುಡಿದು ನೋಡಿದೆ ಎಂದು ಮಗಳನ್ನು ಕೇಳಲಿಲ್ಲ.

ಸ್ಟೇಷನ್ ರಸ್ತೆಯ ಕಡೆಯಿಂದ ಜಟಕಾದ ಗೆಜ್ಜೆ ಸದ್ದು ಕೇಳಿಸಿತು. ಸುಬ್ಬರಾಯಪ್ಪ ದಡಬಡಿಸಿ ಎದ್ದು ಕೋಟಿನ ಗುಂಡಿ ಹಾಕಿಕೊಂಡ. ಸರದಿಯವರು ನೆಟ್ಟಗೆ ನಿಂತರು. "ಏಳಮ್ಮ, ಸಾಹೇಬ್ರು ಬಂದ್ರು, ದಾರಿ ಬಿಟ್ಟು ಏಳು" ಎಂದ. ಆಂಜಿನಮ್ಮ ಮಗನನ್ನು ತೊಡೆಯಿಂದ ಇಳಿಸಿ ಮುಂದಕ್ಕೆ ನಿಲ್ಲಿಸಿದಳು. ತಾನು ಏಳಲಿಲ್ಲ.

ಜಟಕಾ ಗೇಟಿನೊಳಗೆ ತಿರುಗಿತು. ಕದಿರಿ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ತಮ್ಮನ ಗಲ್ಲ ಹಿಡಿದಳು.

"ಆವ್ಲಾ, ಆ ಅನ್ನು."

ಆಟ ಮತ್ತೆ ಶುರುವಾಯಿತೆಂದು ಅವನು ನಕ್ಕ. ಕಣ್ಣು ಕಿರಿದಾಗಿ, ಕಿವಿಯವರೆಗೂ ಬಾಯಿ ತೆರೆದು ಬಿಸಿಲಿಗೆ ಮುಖವೊಡ್ಡಿ ನಿಂತ. ಕೆಳಗಿನ ಮೆಟ್ಟಿಲಿನಲ್ಲಿ ಗಂಗರತ್ನಮ್ಮನ ಕೂಸು ಅವನನ್ನೇ ನೋಡುತ್ತಿದ್ದು, ಸ್ವಲ್ಪ ಹೊತ್ತಿಗೆ ತಾನೂ ಬಾಯಿ ತೆರೆಯಿತು.