ಶನಿವಾರದ ಗಂಟು

ಬೀರುವಿನ ಕೆಳಗಿನ ಅರೆಯೊಳಗೆ ಭುಜದವರೆಗೂ ಕೈ ತೂರಿಸಿ ಮಗಳು ತಡಕಾಡಿದಳು. ಸಿಕ್ಕಿದ್ದು ಒಂದು ಮುರುಕು ಕತ್ತರಿ, ಗುಂಡಿ ತುಂಬಿದ ಡಬ್ಬಿ, ಸುತ್ತಿಟ್ಟ ನಾಲ್ಕಾರು ಲಾಡಿ. ಏಪ್ರನ್ ಮಾತ್ರ ಒಂದೂ ಇಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದ್ದಾಯಿತು, ಅಟ್ಟ ಹತ್ತಿದ್ದಾಯಿತು, ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯನ್ನೂ ನೋಡಿದ್ದಾಯಿತು. ದಿನಕ್ಕೊಂದರಂತೆ ವರ್ಷಗಟ್ಟಲೆ ಏಪ್ರನ್ ಹೊಲಿದ ಹೆಂಗಸಿನ ಮನೆಯಲ್ಲಿ ಕೈ ಒರೆಸಿಕೊಳ್ಳಲಿಕ್ಕೂ ಒಂದು ಏಪ್ರನ್ ಇಲ್ಲವೆಂದರೆ ಯಾರು ತಾನೇ ನಂಬುತ್ತಾರೆ?

ಆ ಹೆಂಗಸು ಹೊರಕೋಣೆಯಲ್ಲಿ ಆಸ್ಪತ್ರೆಯ ಬಿಳಿ ಹೊದಿಕೆಯಡಿ ಮಲಗಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯುಷ್ಯವೆಲ್ಲ ಅಂಥ ಹೊದಿಕೆಗಳನ್ನು ಒಗೆದು ಮಡಿಸಿದವಳು ಕೊನೆಗೂ ಅದನ್ನೇ ಹೊದ್ದು ಹೋಗಬೇಕಲ್ಲ ಎಂದು ಮಗಳಿಗೆ ಹೊಟ್ಟೆ ಉರಿಯುತ್ತಿತ್ತು. ಅದರ ಮೇಲೆ ಅಮ್ಮನ ಕೈಯ ಒಂದು ಏಪ್ರನ್ ಹಾಸಿ ಕಳಿಸಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ. ಮಧ್ಯಾಹ್ನದೊಳಗೆ ವ್ಯಾನು ಬರುವುದಿತ್ತು.

"ಸಿಕ್ತೇನೇ?" ಸೋದರಮಾವ ಬಾಗಿಲಲ್ಲಿ ನಿಂತು ಕೇಳಿದ. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಯಾರ ಮುಖ ನೋಡಿದರೂ ಟಿಕೆಟ್ ಇಲ್ಲದೆ ಹತ್ತಿದವರ ಹಾಗೆಯೇ ಕಾಣುವುದು ಅವನಿಗೆ ಅಂಟಿದ ರೋಗ.

"ಇಲ್ಲ ಮಾವ. ನನಗೆ ಕೊಟ್ಟಿದ್ದೊಂದು ಇತ್ತು, ಕಟ್ಟಿ ಕಟ್ಟಿ ಚಿಂದಿಯಾಗಿ ಹೋಯ್ತು. ಇಲ್ಲಿ ರಾಶಿ ಇರುತ್ತೆ ಅಂದ್ಕೊಂಡಿದ್ದೆ."

"ಎಲ್ಲಿಂದ ಇರುತ್ತೆ? ಆ ಹಳೆಬಟ್ಟೆಯವನು ಇರೋಕೆ ಬಿಡ್ತಾನಾ? ವಾರವಾರ ಬಂದು ಮೂಟೆ ಕಟ್ಕೊಂಡು ಹೋಗ್ತಿದ್ದ. ಅಕ್ಕಂಗೆ ಎಷ್ಟು ಬಡ್ಕೊಂಡೆ, ಅವನ ಮೇಲೊಂದು ಕಣ್ಣಿಡು ಅಂತ. ಕೇಳಿದಳಾ?"

ಎದುರುಮನೆಯಾಕೆ ಚಹಾದ ಲೋಟ ಹಿಡಿದು ಒಳಗೆ ಬಂದಳು. ದನಿ ತಗ್ಗಿಸಿದಳು, ಆದರೆ ಹೊರಗೆ ಕೂತವರಿಗೂ ಕೇಳಿಸುವಷ್ಟೇ ತಗ್ಗಿಸಿದಳು. "ನಾನು ಹೇಳಬಾರದು ಕಣಮ್ಮ, ಸತ್ತವರ ವಿಷಯ. ಅವನು ಬಂದಾಗೆಲ್ಲ ಒಳಗಿಂದ ಚಿಲಕ ಬೀಳ್ತಿತ್ತು. ಕಳೆದ ಶನಿವಾರ ಅವನು ಬಂದು ಹೋದ ಸಂಜೆಗೇ ತಾನೆ ನಿಮ್ಮಮ್ಮ ಬಿದ್ದಿದ್ದು?"

ಮಗಳು ಚಹಾ ಮುಟ್ಟಲಿಲ್ಲ. ಆ ಲೆಕ್ಕ ಅವಳೂ ಹಾಕಿದ್ದಳು. ಆ ಶನಿವಾರ ಬಿದ್ದ ಅಮ್ಮ ಮತ್ತೆ ಮನೆಗೆ ಬಂದದ್ದು ಇವತ್ತು, ಹೀಗೆ.

* * *

ಅಮ್ಮನಿಗೆ ಏಪ್ರನ್ನಿನ ಹುಚ್ಚು ಹತ್ತಿದ್ದು ಲಾಂಡ್ರಿ ಬಿಟ್ಟ ವರ್ಷ. ಮಾಡಲು ಕೆಲಸವಿಲ್ಲದೆ ಸುಮ್ಮನೆ ಕೂರುವುದು ಆಕೆಯ ಜಾಯಮಾನವಲ್ಲ. ತಾನೇ ಒಂದು ಪಣ ತೊಟ್ಟಳು: ದಿನಕ್ಕೊಂದು ಏಪ್ರನ್, ಒಂದರಂತೆ ಇನ್ನೊಂದು ಇರಕೂಡದು, ಅಂಗಡಿಯ ಹೊಸ ಬಟ್ಟೆ ಮುಟ್ಟಕೂಡದು, ಲಾಡಿಯೂ ಹಳೆಯದರಲ್ಲೇ ಹುಟ್ಟಬೇಕು.

"ಏಪ್ರನ್ನೇ ಯಾಕಮ್ಮಾ? ಜಾಕೀಟು ಹೊಲಿ, ಲಂಗ ಹೊಲಿ," ಎಂದಿದ್ದಳು ಮಗಳು.

"ಅವಕ್ಕೆ ಅಳತೆ ಬೇಕು. ಅಳತೆ ಅಂದ್ರೆ ಜನ ಬೇಕು. ಏಪ್ರನ್ನು ದಪ್ಪಗಿರೋರಿಗೂ ಆಗುತ್ತೆ, ಕಡ್ಡಿಯಂಥೋರಿಗೂ ಆಗುತ್ತೆ, ಯಾರನ್ನೂ ಕಾಯಿಸೋದಿಲ್ಲ."

ಬಟ್ಟೆ ತರುವ ಕೆಲಸ ಹಳೆಬಟ್ಟೆಯವನದು. ಸೈಕಲ್ಲಿನ ಹಿಂದೆ ಆಳೆತ್ತರದ ಗಂಟು ಕಟ್ಟಿಕೊಂಡು ಬೀದಿ ಸುತ್ತುತ್ತಿದ್ದ ಅವನಿಗೆ ಅಮ್ಮ ಇಟ್ಟ ಹೆಸರು ಗಂಟುರಾಯ. ಬೇಕೆಂದೇ ಹೊಲಿಯಲಾಗದಂಥದ್ದನ್ನು ಹುಡುಕಿ ತರುತ್ತಿದ್ದ. ಹರಿದ ಕೊಡೆ, ಕುರ್ಚಿಯ ಹೊದಿಕೆ, ಒಂಟಿ ಕಾಲಿನ ಪ್ಯಾಂಟು. "ಇದರಲ್ಲಿ ಮಾಡಿ ನೋಡೋಣ ಅಕ್ಕೋರೇ," ಎಂದು ಮುಂದೆ ಎಸೆಯುತ್ತಿದ್ದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇವತ್ತು ಇದಾಯ್ತು, ನಾನಾಯ್ತು," ಎನ್ನುತ್ತಿದ್ದಳು. ಒಂಟಿ ಕಾಲಿನ ಪ್ಯಾಂಟು ಸಂಜೆಯೊಳಗೆ ಏಪ್ರನ್ ಆಗಿರುತ್ತಿತ್ತು, ಅದರ ಜೇಬು ಹೊಟ್ಟೆಯ ಮೇಲೆ ಬಂದು ಕೂತಿರುತ್ತಿತ್ತು. ಹೊಲಿದದ್ದನ್ನೆಲ್ಲ ಅವನೇ ಒಯ್ಯುತ್ತಿದ್ದ. ಎಲ್ಲ ಮಾರಾಟವಾಗುತ್ತಿದೆ, ಜನ ಮುಗಿಬೀಳುತ್ತಿದ್ದಾರೆ ಎನ್ನುತ್ತಿದ್ದ. ಕೊನೆಕೊನೆಗೆ ಅವನು ತರುತ್ತಿದ್ದುದು ಬರೀ ತುಂಡುಗಳು. ಅಮ್ಮ ಅವನ್ನೇ ಹತ್ತು ಹದಿನೈದು ಕೂಡಿಸಿ ಹೊಲಿಯುತ್ತಿದ್ದಳು. ನೋಡಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ.

* * *

"ಬಂದ ನೋಡು," ಸೋದರಮಾವ ಕಿಟಕಿಯಿಂದಲೇ ಉಸುರಿದ. "ಹೆಸರು ಹೇಳೋದೇ ತಡ."

ಹಳೆಬಟ್ಟೆಯವನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಗಂಟನ್ನು ಬಿಚ್ಚಿ ಇಳಿಸಿ, ಅತ್ತಿತ್ತ ನೋಡಿ, ಅದನ್ನು ಗೇಟಿನ ಮರೆಯಲ್ಲಿ ತುರುಕಿಟ್ಟ. ಆಮೇಲೆ ಬರಿಗೈಯಲ್ಲಿ ಒಳಗೆ ಬಂದ. ಅಮ್ಮನ ಕಾಲ ಬಳಿ ನಿಂತು, ತಲೆಗೆ ಸುತ್ತಿದ್ದ ಟವೆಲ್ ತೆಗೆದು ಬಾಯಿಗೆ ಒತ್ತಿಕೊಂಡ. ಅವನ ಭುಜ ಕುಲುಕುತ್ತಿತ್ತು. ಅಳು ನಿಜವೋ ನಾಟಕವೋ ಎಂದು ಮಗಳು ನೋಡುತ್ತ ನಿಂತಳು. ಅಮ್ಮನ ತಲೆದೆಸೆಯಲ್ಲಿ ಅಂಥದ್ದನ್ನು ಅಳೆಯಬೇಕಾಗಿ ಬಂದದ್ದಕ್ಕೆ ಅವಳಿಗೇ ಅಸಹ್ಯವೆನಿಸಿತು.

ಸೋದರಮಾವ ಮಾತ್ರ ನೇರ ಗೇಟಿಗೆ ಹೋಗಿ ಗಂಟನ್ನು ಎಳೆದು ತಂದು ಅಂಗಳದಲ್ಲಿ ಕೊಡವಿದ.

ಒಗೆದು ಇಸ್ತ್ರಿ ಮಾಡಿದ ತುಂಡುಗಳು. ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿದ್ದವು ಚೆಲ್ಲಾಪಿಲ್ಲಿಯಾದವು. ಮಗಳು ಒಂದನ್ನು ಎತ್ತಿಕೊಂಡಳು. ಹಸಿರು ಚೌಕಳಿಯ ಪರದೆ ಬಟ್ಟೆ. ತಾನು ಹೋದ ತಿಂಗಳು ಬಂದಾಗ ಅಮ್ಮನ ಮಡಿಲಲ್ಲಿ ಇದು ಏಪ್ರನ್ನಿನ ಜೇಬಾಗಿತ್ತು. ಈಗ ಬರೀ ತುಂಡು. ಅಂಚಿನುದ್ದಕ್ಕೂ ಸೂಜಿ ಹಾದುಹೋದ ತೂತುಗಳ ಸಾಲು.

"ಬಿಚ್ಚಿದೀರಾ?" ಅವಳು ತುಂಡನ್ನು ಅವನ ಮುಂದೆ ಹಿಡಿದಳು. "ನಮ್ಮಮ್ಮ ಹೊಲಿದಿದ್ದನ್ನ ಬಿಚ್ಚಿ ಹಾಕಿದೀರಾ?"

ಹಿಂದೆಯೇ ಅಂಗಳಕ್ಕೆ ಬಂದಿದ್ದ ಅವನು ಟವೆಲ್ಲನ್ನು ಹಿಂಡತೊಡಗಿದ.

"ಬಾಯಿ ಬಿಡ್ರೀ. ಎಲ್ಲಾನೂ ಹೀಗೇ ಮಾಡಿದ್ರಾ?"

"ಎಲ್ಲಾ ಅಲ್ಲಮ್ಮ," ಎಂದ ಕೊನೆಗೆ. "ಮೊದಮೊದಲು ಮಾರಾಟ ಆಯ್ತು. ಬೇಕರಿಯವರು ತಗೊಂಡ್ರು, ಕ್ಷೌರದಂಗಡಿಯವನು ತಗೊಂಡ, ಮೀನು ಮಾರೋರು ತಗೊಂಡ್ರು. ಒಬ್ಬೊಬ್ಬರು ಎಷ್ಟು ಅಂತ ತಗೋತಾರೆ? ದಿನಕ್ಕೊಂದು ಬರ್ತಾನೇ ಇತ್ತು. ಆಮೇಲೆ ಸುಮ್ನೆ ಕೊಟ್ರೂ ಬೇಡ ಅಂದ್ರು. ನನ್ನ ಮನೇಲಿ ಕಾಲಿಡೋಕೆ ಜಾಗ ಇರ್ಲಿಲ್ಲ."

"ಹಾಗಂತ ಹೇಳೋಕೆ ಏನಾಗಿತ್ತು?"

"ಹೆಂಗೆ ಹೇಳಲಿ? ಬಾಗಿಲು ತೆಗೆದ ತಕ್ಷಣ ಕೇಳೋರು, ಯಾರು ತಗೊಂಡ್ರು ಗಂಟುರಾಯಾ, ಏನಂದ್ರು ಅಂತ. ಒಂದು ಸುಳ್ಳು ಹೇಳಿದೆ. ಅದರ ಹಿಂದೆ ನೂರು ಹೇಳ್ಬೇಕಾಯ್ತು. ಇತ್ಲಾಗೆ ಹಳೆಬಟ್ಟೆ ಸಿಗೋದೂ ನಿಂತೋಯ್ತು, ಎಲ್ಲಾ ಲಾರಿಯವರೇ ಎತ್ಕೊಂಡು ಹೋಗ್ತಾರೆ. ಬಟ್ಟೆ ಇಲ್ಲ ಅಂದ್ರೆ ಅಕ್ಕೋರು ಕೈಕಟ್ಟಿ ಕೂರ್ಬೇಕಲ್ಲ. ಅದಕ್ಕೇ ಅವರದ್ದೇ ಬಿಚ್ಚಿ, ಒಗೆದು, ಇದರ ತುಂಡು ಅದಕ್ಕೆ ಅದರ ತುಂಡು ಇದಕ್ಕೆ ಕಲಸಿ ತರ್ತಿದ್ದೆ. ಅವರಿಗೆ ಗೊತ್ತಾಗ್ಲೇ ಇಲ್ಲ, ಸದ್ಯ."

"ಮತ್ತೆ ಆ ಚಿಲಕ?" ಎಂದಳು ಎದುರುಮನೆಯಾಕೆ, ಇಷ್ಟು ಹೊತ್ತು ಬಿಗಿಹಿಡಿದಿದ್ದವಳು.

ಅವನು ಸಂಕೋಚದಿಂದ ನೆಲ ನೋಡಿದ. "ಅದು ಅಕ್ಕೋರೇ ಹಾಕಿಸ್ತಿದ್ರು. ನೀವು ಬಂದು ಕೂತ್ರೆ ಏಳೋದಿಲ್ಲ ಅಂತ."

ಯಾರೋ ಕೆಮ್ಮಿದರು. ಸಾವಿನ ಮನೆಯಲ್ಲಿ ನಗು ಬಂದಾಗ ಕೆಮ್ಮದೆ ಬೇರೆ ದಾರಿಯಿಲ್ಲ.

ಮಗಳಿಗೆ ನಗು ಬರಲಿಲ್ಲ. "ಒಂದಾದ್ರೂ ಉಳಿಸಿದೀರಾ? ಒಂದೇ ಒಂದು. ಅಮ್ಮನ ಜೊತೆ ಕಳಿಸೋಕೆ."

ಅವನ ಮುಖ ಬಿಳಿಚಿಕೊಂಡಿತು. "ಆಸ್ಪತ್ರೆ ಸೇರಿದ್ದು ನನಗೆ ಗೊತ್ತೇ ಇರ್ಲಿಲ್ಲಮ್ಮ. ಇವತ್ತು ಬೀದಿ ತಿರುವಿಗೆ ಬಂದಾಗಲೇ ತಿಳಿದಿದ್ದು. ಶನಿವಾರ ಕೊಡ್ಬೇಕಲ್ಲ ಅಂತ ನಿನ್ನೆಯೇ ಕೂತು ಕೊನೇದನ್ನೂ ಬಿಚ್ಚಿಬಿಟ್ಟೆ."

ಮಗಳು ಮೆಟ್ಟಿಲ ಮೇಲೆ ಕೂತಳು.

* * *

ಒಂದು ಶನಿವಾರ ಅವಳೂ ಇಲ್ಲಿದ್ದಳು. ಅವನು ಗಂಟು ಕೊಟ್ಟು ಹೋದ ಮೇಲೆ ಅಮ್ಮ ಒಂದೊಂದೇ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬಟ್ಟೆಯ ಅಂಚಿನ ಸಣ್ಣ ತೂತುಗಳಿಂದ ಬೆಳಕು ಅವಳ ಕೆನ್ನೆಯ ಮೇಲೆ ಚುಕ್ಕಿಚುಕ್ಕಿಯಾಗಿ ಬಿದ್ದಿತ್ತು. ಒಬ್ಬಳೇ ನಗುತ್ತಿದ್ದಳು.

"ಏನಮ್ಮಾ ಅದು, ನಿಮ್ಮಿಬ್ಬರ ಗುಟ್ಟು?" ಎಂದು ಮಗಳು ಕೊಂಚ ಕಟುವಾಗಿಯೇ ಕೇಳಿದ್ದಳು. ಆಗಲೇ ಅವಳಿಗೆ ಅನುಮಾನ.

"ನಮ್ಮಿಬ್ಬರದ್ದೆಲ್ಲಿ ಬಂತು? ಅವನದ್ದು," ಎಂದಿದ್ದಳು ಅಮ್ಮ. "ಪಾಪ, ಅವನ ಬೆರಳೆಲ್ಲ ಬ್ಲೇಡಿನ ಗೀರು."

* * *

ಮಗಳು ಎದ್ದು ಅಂಗಳದ ತುಂಡುಗಳನ್ನೆಲ್ಲ ಬಾಚಿ ಮಡಿಲಿಗೆ ಹಾಕಿಕೊಂಡಳು. "ಬನ್ನಿ ಒಳಗೆ," ಎಂದಳು ಅವನಿಗೆ. "ಯಾವುದ್ಯಾವುದು ಅಮ್ಮಂಗೆ ಇಷ್ಟ ಇತ್ತೋ ಆರಿಸಿಕೊಡಿ. ವ್ಯಾನ್ ಬರೋದ್ರೊಳಗೆ ಆಗ್ಬೇಕು."

"ನಿಂಗೆ ಹೊಲಿಯೋಕೆ ಬರುತ್ತೇನೇ?" ಎಂದ ಸೋದರಮಾವ.

"ಅಮ್ಮನ ಹೊಲಿಗೆ ಮಿಷನ್ ಸದ್ದಿಗೆ ನಿದ್ದೆ ಮಾಡಿ ಬೆಳೆದೋಳು ಮಾವ. ನೆಟ್ಟಗೆ ಒಂದು ಗೆರೆ ಹೊಲೀತೀನಿ, ಸಾಕು."

ಹಳೆಬಟ್ಟೆಯವನು ಒಳಕೋಣೆಯಲ್ಲಿ ಮಿಷನ್ನಿನ ಬಳಿ ನೆಲದ ಮೇಲೆ ಕೂತು ಆರಿಸಿದ. ಹಸಿರು ಚೌಕಳಿ ಒಂದು, ಕೊಡೆಯ ಕಪ್ಪು ಒಂದು, ಹೂವಿನ ದಿಂಬಿನ ಚೀಲದ್ದೊಂದು. ಒಂದೊಂದನ್ನು ಕೊಡುವಾಗಲೂ ಅದು ಮೊದಲು ಏನಾಗಿತ್ತು, ಆಮೇಲೆ ಏನಾಯಿತು ಎಂದು ಹೇಳುತ್ತಿದ್ದ.

"ಬಿಚ್ಚೋಕೆ ಕಷ್ಟ ಆಗ್ತಿರ್ಲಿಲ್ವಾ?" ಅವಳು ದಾರ ಪೋಣಿಸುತ್ತ ಕೇಳಿದಳು.

"ಮೊದಲು ಭಾಳ ಕಷ್ಟ. ಕಣ್ಣೂ ಸರಿಯಾಗಿ ಕಾಣ್ಸಲ್ಲ ನನಗೆ. ಆಮೇಲಾಮೇಲೆ ಬ್ಲೇಡೇ ಬೇಕಿರ್ಲಿಲ್ಲ. ಒಂದು ತುದಿ ಹಿಡಿದು ಎಳೆದ್ರೆ ಸರ್ರಂತ ಬಂದ್ಬಿಡೋದು. ಅಕ್ಕೋರಿಗೂ ವಯಸ್ಸಾಯ್ತಲ್ಲ, ಕೈ ಸೋತಿದೆ ಅಂದ್ಕೊಂಡೆ."

ಅವಳು ಮಿಷನ್ನಿನ ಕಡೆ ನೋಡಿದಳು. ಹೊಲಿಗೆಯ ಉದ್ದ ಹೊಂದಿಸುವ ತಿರುಪು ಕೊನೆಯ ಗೆರೆಯಲ್ಲಿತ್ತು. ಅದಕ್ಕಿಂತ ಉದ್ದ ಹೊಲಿಗೆ ಆ ಮಿಷನ್ನಿನಲ್ಲಿ ಬೀಳುವುದಿಲ್ಲ. ಬಟ್ಟೆಗಳನ್ನು ತಾತ್ಕಾಲಿಕವಾಗಿ ಕೂಡಿಸಿಡಲು ಹಾಕುವ ಹೊಲಿಗೆ ಅದು, ಎಳೆದರೆ ಬಿಚ್ಚಿಬರುವಂಥದ್ದು. ಸೋತ ಕೈ ತಿರುಪನ್ನು ಅಲ್ಲಿಯವರೆಗೆ ತಿರುಗಿಸುವುದಿಲ್ಲ, ತಿಳಿದ ಕೈ ತಿರುಗಿಸುತ್ತದೆ. ಇಷ್ಟು ದಿನ ಈ ಇಬ್ಬರ ಮೇಲೂ ತಾನು ಪಟ್ಟ ಅನುಮಾನವೆಲ್ಲ ಒಟ್ಟಿಗೆ ನೆನಪಾಗಿ ಮುಖ ಬಿಸಿಯಾಯಿತು. ಹೇಳಿಬಿಡಲೇ ಎಂದುಕೊಂಡಳು. "ಗೊತ್ತಾಗ್ಲೇ ಇಲ್ಲ, ಸದ್ಯ" ಎಂದಿದ್ದವನ ಮುಖದ ನೆಮ್ಮದಿ ನೋಡಿ ಸುಮ್ಮನಾದಳು.

ತಿರುಪನ್ನು ಹಿಂದಕ್ಕೆ, ಅತಿ ಚಿಕ್ಕ ಹೊಲಿಗೆಯ ಗೆರೆಗೆ ತಂದಳು. ಪೆಡಲ್ ತುಳಿದಳು. ಸೂಜಿ ಹೆಜ್ಜೆಗೆ ಹೆಜ್ಜೆ ತಾಗಿಸಿಕೊಂಡು ನಿಧಾನ ಸಾಗಿತು. ಎದುರುಮನೆಯಾಕೆ ಬಂದು ಯಾರೂ ಹೇಳದೆಯೇ ಲಾಡಿಯ ಸುಕ್ಕು ಬಿಡಿಸಿ ಹಿಡಿದುಕೊಂಡಳು.

ಗೆರೆ ಅಲ್ಲಲ್ಲಿ ಸೊಟ್ಟಗಿತ್ತು. ಎಡಕ್ಕಿಂತ ಬಲಗಡೆ ಉದ್ದವಾಗಿತ್ತು. ಆದರೂ ಅದು ಏಪ್ರನ್ನೇ. ಮಗಳು ಅದನ್ನು ಮಿಷನ್ನಿನಿಂದ ಬಿಡಿಸಿ ಅವನ ಕೈಗೆ ಕೊಟ್ಟಳು. "ನೀವೇ ಹಾಸಿ."

ಬೀದಿಯಲ್ಲಿ ವ್ಯಾನು ನಿಂತ ಸದ್ದಾಯಿತು. ಅವನು ಏಪ್ರನ್ನನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮನ ಬಳಿಗೆ ಹೋದ. ಅಂಚಿನಲ್ಲಿ ದಾರದ ತುದಿಯೊಂದು ನೇತಾಡುತ್ತಿತ್ತು. ರೂಢಿಯಂತೆ ಅವನ ಬೆರಳು ತಾನಾಗಿ ಅದನ್ನು ಹಿಡಿದು ಎಳೆಯಿತು. ಬರಲಿಲ್ಲ. ಅವನು ಹುಬ್ಬು ಗಂಟಿಕ್ಕಿ ಇನ್ನೊಂದು ಸಲ, ಕೊಂಚ ಜೋರಾಗಿ ಎಳೆದ. ದಾರ ಪಟ್ಟನೆ ತುಂಡಾಯಿತು, ಹೊಲಿಗೆ ಅಲುಗಲಿಲ್ಲ. ಬೆರಳಲ್ಲಿ ಉಳಿದ ದಾರವನ್ನು ನೋಡಿದ, ಒಳಕೋಣೆಯ ಮಿಷನ್ನನ್ನು ನೋಡಿದ, ಆಮೇಲೆ ಬಹಳ ಹೊತ್ತು ಅಮ್ಮನ ಮುಖವನ್ನೇ ನೋಡುತ್ತ ನಿಂತ.