ಕೆನೆಬಣ್ಣದ ಸೀಟು

ಹಿಪ್ಪರಗಿಯ ಬೀರೇಶ್ವರ ಗುಡಿಯ ಓಣಿಯಲ್ಲಿ ಯಾರಿಗೆ ಏನೇ ಆಗಲಿ, ಮೊದಲು ಬಡಿಯುತ್ತಿದ್ದುದು ಅಮಸಿದ್ದಪ್ಪನ ಬಾಗಿಲನ್ನು. ಅವನು ಜಮಖಂಡಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮನೆ ಮುಂದೆ ಒಂದು ಬಿಳಿ ಓಮ್ನಿ ವ್ಯಾನು ನಿಂತಿರುತ್ತಿತ್ತು. ಹಾವು ಕಚ್ಚಿದವರು, ಕಬ್ಬು ಕಡಿಯುವಾಗ ಕಾಲು ಕೊಯ್ದುಕೊಂಡವರು, ಹೆರಿಗೆಗೆ ಹೊರಟವರು ಎಲ್ಲರೂ ಅದರಲ್ಲೇ ಜಮಖಂಡಿ ಸೇರುತ್ತಿದ್ದರು. ಹೊಟ್ಟೆ ಉಬ್ಬಿದ ಟಗರೊಂದು ಕೂಡ ಒಮ್ಮೆ ಅದರಲ್ಲಿ ದನದ ಆಸ್ಪತ್ರೆಗೆ ಹೋಗಿ ಬಂದಿತ್ತು. "ನನ್ನ ಗಾಡಿ ಏನ ಧರ್ಮಛತ್ರ ಐತೇನು" ಎಂದು ಅಮಸಿದ್ದಪ್ಪ ಪ್ರತಿ ಸಲವೂ ಗೊಣಗುತ್ತಿದ್ದ; ಗೊಣಗುತ್ತಲೇ ಚಾವಿ ಹುಡುಕುತ್ತಿದ್ದ. ಬೈಯುವುದು ಅವನ ಬಾಯಿಯ ಕೆಲಸ, ಗಾಡಿ ಹೊಡೆಯುವುದು ಕೈಯ ಕೆಲಸ, ಎರಡಕ್ಕೂ ಸಂಬಂಧವಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ಹಾಗೆ ಕರೆಸಿಕೊಳ್ಳುವುದೆಂದರೆ ತನಗೆ ಜೀವ ಎಂಬುದು ಮಾತ್ರ ಅವನಿಗೇ ಗೊತ್ತಿರಲಿಲ್ಲ.

2011ರಲ್ಲಿ ಅವನ ಕಣ್ಣಿಗೆ ಬನಹಟ್ಟಿಯ ಧರ್ಮರಾಜನ ಕಾರು ಬಿತ್ತು. ಧರ್ಮರಾಜ ಸಾಲಿಯಲ್ಲಿ ಜೊತೆಗೆ ಓದಿದವನು, ಈಗ ನೂಲಿನ ವ್ಯಾಪಾರಿ. ಹದಿನಾಲ್ಕು ವರ್ಷ ಹಳೆಯ ಕರಿಯ ವಿದೇಶಿ ಕಾರು, ಒಳಗೆ ಕೆನೆಬಣ್ಣದ ಚರ್ಮದ ಸೀಟು. ನೂಲಿನ ಗಂಟು ಹೇರಲು ಓಮ್ನಿಯಂಥದ್ದು ಬೇಕಾಗಿದೆ, ಅದಲುಬದಲು ಮಾಡೋಣ ಎಂದ ಧರ್ಮರಾಜ. ಅಮಸಿದ್ದಪ್ಪ ಒಳಗೆ ಕೂತು ಬಾಗಿಲು ಹಾಕಿಕೊಂಡ. ಬನಹಟ್ಟಿಯ ಆ ಓಣಿ ತುಂಬ ಖಟಖಟ ಎನ್ನುತ್ತಿದ್ದ ಮಗ್ಗಗಳ ಸದ್ದು ಕತ್ತರಿಸಿದ ಹಾಗೆ ನಿಂತುಹೋಯಿತು. ಅಲ್ಲಿಗೆ ಅವನ ಬುದ್ಧಿಯೂ ನಿಂತಿತು.

ಕಾರು ಮನೆಗೆ ಬಂದಾಗ ಹೆಂಡತಿ ಪದ್ಮವ್ವ ಅದರ ಸುತ್ತ ಒಂದು ಸುತ್ತು ಬಂದಳು.

"ಹೈನದ ಎಮ್ಮಿ ಕೊಟ್ಟು ಮುದಿ ಕುದರಿ ತಂದಾಂಗಾತು."

"ನಿನಗೇನ ತಿಳಿತೈತಿ? ಒಳಗ ಕುಂತ್ರ ಹೊರಗಿಂದು ಏನೂ ಕೇಳಾಂಗಿಲ್ಲ."

"ಹೌದ್ರಿ. ಯಾರರ ಕರದ್ರೂ ಕೇಳಾಂಗಿಲ್ಲ" ಎಂದು ಅವಳು ಒಳಗೆ ಹೋದಳು.

ಕಾರಿನದೇನೂ ತಪ್ಪಿರಲಿಲ್ಲ ಅನ್ನಿ. ತನ್ನ ವಯಸ್ಸಿಗೆ ಅದು ಚೆನ್ನಾಗಿಯೇ ಓಡುತ್ತಿತ್ತು. ಕಾಲುವೆ ದಾರಿಯಲ್ಲಿ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಮುಧೋಳದ ಮಿಸ್ತ್ರಿ ಬಾನೆಟ್ ಎತ್ತಿ ನೋಡಿ, "ಇದರ ಸಾಮಾನ ನಮ್ಮ ಕಡೆ ಸಿಗಾಂಗಿಲ್ರಿ" ಎಂದು ಹಾಗೇ ಮುಚ್ಚಿದ್ದ. ಅಮಸಿದ್ದಪ್ಪ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ದಿನಾ ಬೆಳಿಗ್ಗೆ ಕಾರು ತೊಳೆದೇ ಕಚೇರಿಗೆ ಹೋಗುತ್ತಿದ್ದ.

ಹದಿನೈದು ದಿನವಾಗಿರಬೇಕು. ಎದುರುಮನೆಯ ಶಂಕ್ರೆವ್ವನಿಗೆ ಮೊಣಕಾಲು ಬಾತು, ದವಾಖಾನೆಗೆ ಹೋಗಬೇಕಾಯಿತು. ಅಮಸಿದ್ದಪ್ಪ ಅವಳನ್ನು ಚಿಗವ್ವ ಎನ್ನುತ್ತಿದ್ದ. ಚಿಕ್ಕವನಿದ್ದಾಗ ಅವಳ ಕೈತುತ್ತು ತಿಂದು ಬೆಳೆದವನು. ಕುರಿಹಟ್ಟಿಯಿಂದ ನೇರ ಬಂದಿದ್ದ ಅವಳ ಸೀರೆಯಂಚು, ಕಾಲು ನೋಡಿದ. ಓಡಿ ಹೋಗಿ ಮನೆಯ ಕರಿ ಕಂಬಳಿ ತಂದು ಸೀಟಿನ ಮೇಲೆ ಹಾಸಿದ.

ಕುರಿ ಕಾಯುವ ಅವರ ಕುಲದಲ್ಲಿ ಕಂಬಳಿ ಹಾಸುವುದು ಸಣ್ಣ ಮಾತಲ್ಲ. ದೇವರ ಪೂಜಾರಿಗೆ ಹಾಸುತ್ತಾರೆ, ಬೀಗರಿಗೆ ಹಾಸುತ್ತಾರೆ. ಶಂಕ್ರೆವ್ವನ ಮುಖ ಅರಳಿತು.

"ನನಗ್ಯಾಕೋ ಯಪ್ಪಾ ಇಷ್ಟ ದೊಡ್ಡ ಮರ್ಯಾದಿ?"

"ಸ್ವಲ್ಪ ಮುಂದ ಸರಿ ಚಿಗವ್ವ. ಕಂಬಳಿ ಸರದ್ರ ಸೀಟಿಗೆ ಕಲಿ ಬೀಳತಾವ."

ಆಡಿದ ಮಾತು ಅಮಸಿದ್ದಪ್ಪನಿಗೆ ಆಡಿದಂತೆಯೂ ಅನ್ನಿಸಲಿಲ್ಲ. ಶಂಕ್ರೆವ್ವ ಜಮಖಂಡಿವರೆಗೆ ಸೀಟಿನ ತುದಿಯಲ್ಲಿ, ಬಾತ ಕಾಲು ಊರಿಕೊಂಡೇ ಕೂತಳು. ಇಳಿದ ಮೇಲೆ ಕಂಬಳಿಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ ಅವನ ಕೈಗಿಟ್ಟಳು.

"ಕಂಬಳಿ ಮಂದಿಗೆ ಹಾಸ್ತಾರಪಾ" ಎಂದಳು, ಅಷ್ಟೇ. ವಾಪಸ್ಸು ಬಸ್ಸಿಗೆ ಬಂದಳಂತೆ.

ಆಮೇಲೆ ಬಾಗಿಲು ಬಡಿಯುವವರೇ ಇಲ್ಲವಾದರು. ಮೊದಲ ವಾರ, ಪೀಡೆ ತೊಲಗಿತು ಎಂದುಕೊಂಡ. ತಿಂಗಳಾಯಿತು. ಅದೇ ಓಣಿಯ ಭೀಮಪ್ಪನ ಅಪ್ಪನಿಗೆ ಎದೆನೋವು ಬಂದಾಗ ಟ್ರ್ಯಾಕ್ಟರಿನಲ್ಲಿ ಒಯ್ದರು ಎಂದು ಚಹಾದಂಗಡಿಯಲ್ಲಿ ಯಾರೋ ಹೇಳಿದರು. ಅಮಸಿದ್ದಪ್ಪ ಕೇಳಿಸದವನ ಹಾಗೆ ಬಸಿಯಲ್ಲಿ ಚಹಾ ಸುರಿದುಕೊಂಡ. ಆ ದಿನ ಕಚೇರಿಯಲ್ಲಿ ವಿನಾಕಾರಣ ಇಬ್ಬರ ಮೇಲೆ ರೇಗಿದ.

ಶ್ರಾವಣದ ಒಂದು ಬೆಳಿಗ್ಗೆ ಅವನು ಕಾರಿಗೆ ನೀರು ಬಿಡುತ್ತಿದ್ದಾಗ, ಮೂರು ಗಾಲಿಯ ಟಂಟಂ ಒಂದು ಅವನನ್ನು ದಾಟಿ ಹೋಗಿ ಎದುರುಮನೆಗೆ ನಿಂತಿತು. ಶಂಕ್ರೆವ್ವನ ಮೊಮ್ಮಗಳು ಶೀತಲ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳನ್ನು ಇಬ್ಬರು ಹೆಂಗಸರು ಹಿಡಿದು ಹತ್ತಿಸಿದರು. ಒಬ್ಬಳು ಶಂಕ್ರೆವ್ವ. ಇನ್ನೊಬ್ಬಳು ಪದ್ಮವ್ವ, ಅವನ ಸ್ವಂತ ಹೆಂಡತಿ, ಕೈಯಲ್ಲಿ ಬಟ್ಟೆಯ ಗಂಟು.

ಅಮಸಿದ್ದಪ್ಪ ಪೈಪು ಬಿಸುಟು ಓಡಿದ.

"ಕಾಕಾ, ನಾ ಇಲ್ಲೇ ಇದ್ನೆಲ್ಲ. ಇಳಸು ಆಕಿನ್ನ. ನನ್ನ ಗಾಡ್ಯಾಗ ಹೋಗೂಣು."

ಶಂಕ್ರೆವ್ವನ ಗಂಡ ಮುದಕಪ್ಪ ಹಿಂದೆ ಹತ್ತುತ್ತಿದ್ದ. ಇವನಿಗೆ ಈಜು ಕಲಿಸಿದವನು, ಕಲಿಸುವಾಗ ಕಪಾಳಕ್ಕೆ ಹೊಡೆದವನು.

"ಬ್ಯಾಡ್ರಿ ಸಾಹೇಬ್ರ" ಎಂದ. "ನೀರ ಹೊಂಟಾವು. ನಿಮ್ಮ ಸೀಟ ಹೊಲಸ ಆಗತಾವ್ರಿ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅಮಸಿದ್ದಪ್ಪ ತಿರುಗಿ ಬೈದು ಹಗುರಾಗುತ್ತಿದ್ದ. ಮುದುಕ ಖರೆಯೇ ಅವನ ಸೀಟಿನ ಕಾಳಜಿ ಮಾಡುತ್ತಿದ್ದ. ಅಮಸಿದ್ದಪ್ಪನಿಗೆ ನಾಚಿಕೆಯಾಯಿತು, ಅಳುವೇ ಬಂತು.

"ಅಡಿಗಿ ಮುಚ್ಚಿಟ್ಟೇನಿ, ಉಂಡು ಆಫೀಸಿಗೆ ಹೋಗ್ರಿ" ಎಂದಳು ಪದ್ಮವ್ವ.

ಟಂಟಂ ಚಾಲೂ ಆಯಿತು. ಅಮಸಿದ್ದಪ್ಪ ಚಾಲಕನ ಪಕ್ಕಕ್ಕೆ ಹೋಗಿ, ಅರ್ಧ ಕುಂಡಿ ಊರುವಷ್ಟು ಜಾಗದಲ್ಲಿ, ಒದ್ದೆ ಲುಂಗಿಯಲ್ಲೇ ಹತ್ತಿಬಿಟ್ಟ. ಅವನಿಂದ ಅಲ್ಲಿ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ. ಗಾಡಿಗೆ ಭಾರ ಬೇರೆ. ಶೀತಲಳ ನರಳಾಟ, ಎಂಜಿನ್ನಿನ ಗದ್ದಲ ಎಲ್ಲವೂ ಕಿವಿಗೆ ಬಡಿಯುತ್ತಿದ್ದವು. ಕಾಲುವೆ ದಾರಿಯಲ್ಲಿ ಎದುರಿನಿಂದ ಟ್ರ್ಯಾಕ್ಟರೊಂದು ಬಂದಾಗ ಹಿಂದಿನಿಂದ ಒಂದು ಕೈ ಅವನ ಅಂಗಿಯನ್ನು ಹಿಡಿದು ಎಳೆಯಿತು.

"ಕಾಲ ಒಳಗ ತಗೊಳಲೇ, ಅಮಸಿದ್ದಾ" ಎಂದ ಮುದಕಪ್ಪ.